ರಟ್ಟಿನ ಯಂತ್ರಕ್ಕೆ ಬುದ್ಧಿ ಹೇಳಲು ಹೋದದ್ದು

ಬೈಂದೂರು

ಗೇರುಬೀಜ ಆರಿಸುವ ಹೆಂಗಸರನ್ನು ವಿಮಾನದಲ್ಲಿ ಕೂರಿಸಿ ಡೆನ್ಮಾರ್ಕಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ, ಅವರ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದೆ. ಆದರೆ ಹೇಳಿದವನು ನಮ್ಮ ಸಣ್ಣ ಧಣಿ ಕಿರಣ. ಹಣೆ ಮುಟ್ಟುವಂತಿರಲಿಲ್ಲ. "ಹೌದಾ" ಎಂದು ಸುಮ್ಮನಾದೆ.

ಬೈಂದೂರು ತಾಲೂಕು ಆಗುತ್ತದಂತೆ, ಇವತ್ತಾಗುತ್ತದಂತೆ, ನಾಳೆ ಆಗುತ್ತದಂತೆ ಎಂದು ಜನ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಹೆದ್ದಾರಿ ಬದಿಯ ಗೇರುಬೀಜದ ಕಾರ್ಖಾನೆಯಲ್ಲಿ ನನ್ನದು ಆರಿಸುವ ಕೆಲಸ. ಸುಲಿದ ಬೀಜವನ್ನು ಮೇಜಿನ ಮೇಲೆ ಹರಡಿಕೊಂಡು ಬಿಳಿ ಇಡಿ ಬೀಜ ಒಂದು ಕಡೆ, ಸುಟ್ಟ ಬಣ್ಣದ್ದು ಒಂದು ಕಡೆ, ಸೀಳು, ತುಂಡು ಇನ್ನೊಂದು ಕಡೆ ಮಾಡಬೇಕು. ಒಂದು ಮೇಜಿಗೆ ನಾಲ್ಕು ಜನ. ನನ್ನ ಬಲಗಡೆ ಕೂರುವವಳು ಮುತ್ತಕ್ಕ. ಕುಂದಾಪುರದ ಹತ್ತಿರದ ಕೋಡಿಯ ಮೀನುಗಾರರ ಮನೆಯಲ್ಲಿ ಹುಟ್ಟಿ ನಮ್ಮ ಕಡೆಗೆ ಮದುವೆಯಾಗಿ ಬಂದವಳು, ಪ್ರಾಯದಲ್ಲಿ ನನಗಿಂತ ದೊಡ್ಡವಳು, ಮಾತಿನಲ್ಲಿ ನನಗಿಂತ ಬಹಳ ಸಣ್ಣವಳು. ಇಡೀ ದಿನಕ್ಕೆ ಅವಳು ಆಡುವ ಮಾತನ್ನು ನಾನು ಬೆಳಗಿನ ಚಾ ಮುಗಿಯುವುದರೊಳಗೆ ಆಡಿ ಮುಗಿಸುತ್ತೇನೆ.

ಸಂಗತಿ ಇಷ್ಟು. ಡೆನ್ಮಾರ್ಕಿನಲ್ಲಿ ಕೆಲವರು ಬೀಜ ಆರಿಸುವ ಯಂತ್ರವೊಂದನ್ನು ಮಾಡುತ್ತಿದ್ದರು. ಕ್ಯಾಮೆರಾ ಕಣ್ಣಿನ ಯಂತ್ರ. ಮನುಷ್ಯರು ಆರಿಸುವುದನ್ನು ನೋಡಿ ನೋಡಿ ತಾನೇ ಕಲಿಯುತ್ತದೆ, ಅದನ್ನು ಕೃತಕ ಬುದ್ಧಿಮತ್ತೆ ಎನ್ನುತ್ತಾರೆ ಎಂದು ಕಿರಣ ವಿವರಿಸಿದ. ಮೊದಲ ಸುತ್ತು ಯಂತ್ರದ್ದು, ಅದಕ್ಕೆ ಗೊತ್ತಾಗದೆ ಉಳಿದದ್ದು ನಮ್ಮದು. ಆದರೆ ಆ ಜನರಿಗೆ ಒಂದು ಹಠ. ಯಂತ್ರದ ಪಕ್ಕದಲ್ಲಿ ಕೂತು ಕೆಲಸ ಮಾಡುವವರನ್ನು ಕೇಳದೆ ಯಂತ್ರ ಮಾಡುವುದಿಲ್ಲವಂತೆ. ಹಾಗಾಗಿ ಕಾರ್ಖಾನೆಯಿಂದ ಇಬ್ಬರು ಹೆಂಗಸರನ್ನು ಕಳಿಸಿ ಎಂದಿದ್ದರು. ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬಳು ಮುತ್ತಕ್ಕ. ಹತ್ತನೇ ಕ್ಲಾಸು ಪಾಸಾಗಿ, ಕೈಗೆ ಸಿಕ್ಕ ವಾರಪತ್ರಿಕೆ ಬಿಡದೆ ಓದುವವಳು ನಾನು. ಹಾಗೆ ನಮ್ಮಿಬ್ಬರ ಹೆಸರು ಬಂತು.

ಹೊರಡುವ ಮೊದಲೇ ಓದುವವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಮುತ್ತಕ್ಕನಿಗೆ ಕಣ್ಣು ಮಂಜಾಗಿತ್ತು. ಬಿಳಿಯದು, ಸುಟ್ಟದ್ದು ಅವಳಿಗೆ ಬೇರೆಯಾಗಿ ಕಾಣುತ್ತಿರಲಿಲ್ಲ. ಅವಳು ಅಂದಾಜಿನಲ್ಲಿ ಆರಿಸಿಟ್ಟದ್ದನ್ನು ನಾನು ನನ್ನ ಕಡೆ ಎಳೆದುಕೊಂಡು ಇನ್ನೊಮ್ಮೆ ಆರಿಸಿ ಅವಳ ತಟ್ಟೆಗೇ ಹಾಕುತ್ತಿದ್ದೆ. ಮೇಜಿನ ಇನ್ನಿಬ್ಬರಿಗೆ ಗೊತ್ತಿತ್ತು, ಧಣಿಗಳಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಅವಳನ್ನು ಬೀಜ ಒಡೆಯುವ ಕಡೆಗೆ ಕಳಿಸುತ್ತಿದ್ದರು. ಅಲ್ಲಿ ಸಿಪ್ಪೆಯ ಸೊನೆ ತಾಗಿ ಕೈ ಸುಡುತ್ತದೆ. ಇಲ್ಲವಾದರೆ ಮನೆಗೆ. ಈ ಪ್ರವಾಸದುದ್ದಕ್ಕೂ ನನಗಿದ್ದ ಚಿಂತೆ ಅದೊಂದೇ.

ಮುಂಬಯಿ, ಆಮೇಲೆ ಮೋಡ

ಬ್ರಹ್ಮಾವರದಲ್ಲಿರುವ ಮುತ್ತಕ್ಕನ ಮಗಳು ಇಬ್ಬರಿಗೂ ಸ್ವೆಟರ್ ಕೊಟ್ಟಿದ್ದಳು. ಚಳಿ ದೇಶವೆಂದು ಹೆದರಿ ಬೈಂದೂರು ಸ್ಟೇಷನ್ನಿನಲ್ಲಿಯೇ ಹಾಕಿಕೊಂಡು ನಿಂತೆವು. ಆಗಸ್ಟ್ ತಿಂಗಳ ಸೆಕೆ, ಮೇಲೆ ಮಳೆ. ರೈಲು ಬರುವಷ್ಟರಲ್ಲಿ ನಾವು ಬೇಯಿಸಿದ ಗೆಣಸು. ಮುಂಬಯಿಯಲ್ಲಿ ಒಬ್ಬ ಟ್ಯಾಕ್ಸಿಯವನು ನಮ್ಮ ಮಾತು ಕೇಳಿ, "ಎಂತ, ಕುಂದಾಪ್ರದವ್ರಾ?" ಎಂದ. ಪರದೇಶಕ್ಕೆ ಹೊರಟವರಿಗೆ ಅಲ್ಲಿಯವರೆಗೂ ಊರು ಕೈ ಬಿಡಲಿಲ್ಲ ಎಂದು ಸಮಾಧಾನವಾಯಿತು.

ವಿಮಾನ ನಿಲ್ದಾಣದಲ್ಲಿ ಮುತ್ತಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಕಿರಣ ಹಿಂದಕ್ಕೆ ತಿರುಗಿ, "ಹೆದ್ರಿಕಿ ಆತ್ತಾ ಮುತ್ತಕ್ಕ?" ಎಂದು ಕೇಳಿದ.

"ಅದಕ್ಕೆ ಅಲ್ಲ, ನಂಗೆ," ಎಂದೆ ನಾನು, ಹೆಂಗಸರನ್ನು 'ಅದು' ಎನ್ನುವ ನಮ್ಮ ಕಡೆಯ ರೂಢಿಯಂತೆ. "ನಾನೇ ಹಿಡ್ಕೊ ಅಂದದ್ದ್."

ಹೆದರಿಕೆ ನಿಜವಾಗಿಯೂ ನನಗೆ ಇದ್ದದ್ದರಿಂದ ಅದು ಪೂರ್ತಿ ಸುಳ್ಳೇನೂ ಆಗಲಿಲ್ಲ. ಮುತ್ತಕ್ಕನಿಗೆ ಕಿಟಕಿಯ ಬದಿ ಸೀಟು ಸಿಕ್ಕಿತು. ಕೆಳಗೆ ಮೋಡ ಇದೆ ಎಂದು ನಾನು ಹೇಳಿದರೆ, ನನಗೆ ಊರಿನಲ್ಲಿದ್ದಾಗಲೂ ಹೀಗೇ ಕಾಣುವುದು ಎಂದು ಸಣ್ಣ ದನಿಯಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಓರ್ಹುಸ್

ಡೆನ್ಮಾರ್ಕಿನಲ್ಲಿ ನಾವು ಉಳಿದದ್ದು ಓರ್ಹುಸ್ ಎಂಬ ಕಡಲ ಬದಿಯ ಪೇಟೆಯಲ್ಲಿ. ಯಂತ್ರದ ಕೆಲಸ ನೋಡಿಕೊಳ್ಳುವ ಬಿರ್ಗಿಟ್ ಎಂಬಾಕೆ ನಮ್ಮನ್ನು ಕರೆದುಕೊಂಡು ಹೋಗಲು ಬಂದರು. ಇಷ್ಟು ದೊಡ್ಡ ಕೆಲಸದ ಯಜಮಾನಿ ಎಂದರೆ ಕಾರಿನಲ್ಲಿ ಬರುತ್ತಾರೆ ಎಂದುಕೊಂಡಿದ್ದೆ. ಸೈಕಲ್ ತಳ್ಳಿಕೊಂಡು ಬಂದರು. ತೆಂಗಿನ ಮರದಷ್ಟು ಉದ್ದ, ಇಸ್ತ್ರಿ ಕಾಣದ ಅಂಗಿ. ನಮ್ಮ ಚೀಲವನ್ನು ತಾನೇ ಎತ್ತಿ ಸೈಕಲ್ಲಿನ ಮೇಲಿಟ್ಟುಕೊಂಡರು. ಕಿರಣ ಮುಜುಗರದಿಂದ ಹಿಂದೆ ಹಿಂದೆ ಓಡಿದ.

ಅವರ ಕಚೇರಿಯ ಬಾಗಿಲು ಗಾಜಿನದು. ಎಷ್ಟು ಶುಚಿಯೆಂದರೆ ಅಲ್ಲಿ ಬಾಗಿಲಿದೆ ಎಂದೇ ತಿಳಿಯದು. ಕಣ್ಣು ಚೆನ್ನಾಗಿರುವ ನಾನು ನೇರ ಹೋಗಿ ಹಣೆ ಬಡಿದುಕೊಂಡೆ. ಎರಡು ವರ್ಷದಿಂದ ಕೈ ಮುಂದೆ ಚಾಚಿ ನಡೆದು ರೂಢಿಯಾದ ಮುತ್ತಕ್ಕ ಮೆಲ್ಲಗೆ ಬಾಗಿಲು ತಡವಿ, ತಳ್ಳಿ, ಒಳಗೆ ಹೋಗಿ ನಿಂತಳು. ಹಣೆಯಲ್ಲಿ ನೆಲ್ಲಿಕಾಯಿಯಷ್ಟು ಬುಗುಟು ಬಂತು. ಬಿರ್ಗಿಟ್ ಮಂಜುಗಡ್ಡೆ ತಂದು ಒತ್ತಿದರು. ಸಂಜೆಯವರೆಗೂ ಅಲ್ಲಿ ಯಾರನ್ನು ನೋಡಿದರೂ ಅವರು ಮೊದಲು ನೋಡುತ್ತಿದ್ದದ್ದು ನನ್ನ ಹಣೆಯನ್ನು.

ಆ ದೇಶದಲ್ಲಿ ಹಗಲು ಹೊತ್ತಿನಲ್ಲೇ ಮೇಜಿನ ಮೇಲೆ ಮೇಣದ ಬತ್ತಿ ಹಚ್ಚುತ್ತಾರೆ. ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿ ತಾಯಿ ಒಳಗೆ ಕಾಫಿ ಕುಡಿಯುತ್ತಾಳೆ. ಮೊದಲ ದಿನ ನಾನು ಅಂಥ ಒಂದು ಗಾಡಿಯ ಬಳಿ ಕಾವಲು ನಿಂತೆ, ಯಾರೋ ಮರೆತು ಹೋಗಿದ್ದಾರೆ ಎಂದು. ತಾಯಿ ಹೊರಗೆ ಬಂದು ನನ್ನನ್ನೇ ಅನುಮಾನದಿಂದ ನೋಡಿದಳು. ನಮ್ಮಲ್ಲಿ ಕೂಸು ಒಮ್ಮೆ ಸೀನಿದರೆ ಕೇರಿಯವರೆಲ್ಲ ಬರುತ್ತಾರೆ. ಇಲ್ಲಿ ಕೂಸುಗಳಿಗೂ ಅವರವರ ಪಾಡು.

ಮಧ್ಯಾಹ್ನದ ಊಟಕ್ಕೆ ಎಲ್ಲರಿಗೂ ಒಂದೇ ಉದ್ದ ಮೇಜು. ನೆಲ ಒರೆಸುವವನು, ಬಿರ್ಗಿಟ್, ಅವರಿಗೂ ಮೇಲಿನವರು ಎಲ್ಲ ಸಾಲಾಗಿ ಕೂತು ಉಂಡು, ಅವರವರ ತಟ್ಟೆ ಅವರವರೇ ತೊಳೆದರು. ಕಿರಣನ ಪಕ್ಕ ಕೂತು ಉಣ್ಣಬೇಕಾದಾಗ ನನಗೆ ತುತ್ತು ಇಳಿಯಲಿಲ್ಲ. ಅವನಿಗೂ ಇಳಿಯಲಿಲ್ಲ ಎಂದು ಕಾಣುತ್ತದೆ. ತಟ್ಟೆ ತೊಳೆಯಲು ಹೋದಾಗ ಮುತ್ತಕ್ಕ ಅಭ್ಯಾಸಬಲದಿಂದ ಅವನ ತಟ್ಟೆಗೂ ಕೈ ಹಾಕಿದಳು. "ಬ್ಯಾಡ ಮುತ್ತಕ್ಕ, ಇಲ್ಲ್ ಹಾಂಗಿಲ್ಲ," ಎಂದು ಅವನು ಕೆಂಪಾಗಿ ತಟ್ಟೆ ಕಸಿದುಕೊಂಡ. ಅವನು ಪಾತ್ರೆ ತೊಳೆಯುವುದನ್ನು ನಾನು ಕಣ್ತುಂಬ ನೋಡಿದೆ.

ಎರಡು ಪರದೆ

ಬಿರ್ಗಿಟ್ ನಮ್ಮನ್ನು ಮೊದಲು ಕೇಳಿದ ಪ್ರಶ್ನೆ, ನಿಮ್ಮ ಕೆಲಸದಲ್ಲಿ ನಿಮಗೆ ಬೇಸರ ತರುವುದು ಯಾವುದು ಎಂದು. ಕಿರಣನೇ ಅದನ್ನು ಕನ್ನಡಕ್ಕೆ ಹೇಳಬೇಕು, ನಮ್ಮ ಉತ್ತರವನ್ನು ಅವನೇ ಇಂಗ್ಲಿಷಿಗೆ ಹೇಳಬೇಕು. ಅಂದರೆ ಬೈಗುಳ ಯಾರಿಗೆ ಸಲ್ಲಬೇಕೋ ಅವರ ಬಾಯಲ್ಲೇ ಅದು ದಾಟಿ ಹೋಗಬೇಕು. ನಾನು ಹಿಂಜರಿಯಲಿಲ್ಲ. ಬೆನ್ನಿಗೆ ಆಧಾರವಿಲ್ಲದ ಸ್ಟೂಲು, ಹಾಕಿದರೆ ಬೀಜದ ಸಿಪ್ಪೆ ಹಾರುತ್ತದೆಂದು ಎಂದೂ ಹಾಕದ ಫ್ಯಾನು, ಎಲ್ಲ ಹೇಳಿದೆ. ಹುಡುಗ ನುಂಗದೆ ಉಗುಳದೆ ಪೂರ್ತಿ ಇಂಗ್ಲಿಷಿಗೆ ಹಾಕಿದ. ಅಷ್ಟರ ಮಟ್ಟಿಗೆ ಒಳ್ಳೆಯವನು.

ಮರುದಿನ ಅಲ್ಲಿದ್ದ ಯಂತ್ರದ ಮಾದರಿಯ ಜೊತೆ ನನಗೊಂದು ಪಂದ್ಯ. ಕಾರ್ಖಾನೆಯಲ್ಲಿ ನನ್ನ ಕೈ ಓಡುವುದನ್ನು ನೋಡಿದವರಿಗೆ ನನ್ನ ಜಂಬ ಗೊತ್ತು. ಸೆರಗು ಬಿಗಿದು ಕೂತೆ. ನಾನು ಒಂದು ಹಿಡಿ ಆರಿಸುವಷ್ಟರಲ್ಲಿ ಅದು ಬುಟ್ಟಿ ಖಾಲಿ ಮಾಡಿತ್ತು. ತಪ್ಪೂ ನನ್ನದೇ ಹೆಚ್ಚು. ನಿಜವಾಗಿಯೂ ಹೊಟ್ಟೆ ಉರಿಯಿತು. ಮುತ್ತಕ್ಕ ಬಗ್ಗಿ, "ಎಂತ ಆಯ್ತ್, ಗೆದ್ಯಾ?" ಎಂದು ಕೇಳಿದಳು. ಗೆದ್ದೆ ಎಂದೆ. ಅವಳಿಗೆ ಹೇಗೂ ಕಾಣುತ್ತಿರಲಿಲ್ಲ.

ಆಮೇಲೆ ಬಂದದ್ದೇ ಪೇಚಾಟ. ಯಂತ್ರಕ್ಕೆ ಪಾಠವಾಗಲೆಂದು ನಾವು ಬೀಜದ ಚಿತ್ರಗಳನ್ನು ನೋಡಿ ಇದು ಬಿಳಿ, ಇದು ಸುಟ್ಟದ್ದು ಎಂದು ಪರದೆ ಮುಟ್ಟಿ ತೋರಿಸಬೇಕಿತ್ತು. ನನಗೊಂದು ಪರದೆ, ಅವಳಿಗೊಂದು. ಬಿಳಿಗೆ ಮೇಲಿನ ಮೂಲೆ, ಸುಟ್ಟದ್ದಕ್ಕೆ ಕೆಳಗಿನ ಮೂಲೆ, ಮುರಿದದ್ದಕ್ಕೆ ಆಚೆ ಬದಿ. ಎರಡು ಪರದೆಯಲ್ಲೂ ಒಂದೇ ಚಿತ್ರ ಒಟ್ಟಿಗೆ ಬರುತ್ತಿತ್ತು. ನಾನು ತುಟಿ ಅಲುಗಿಸದೆ, "ಮೇಲೆ, ಮೇಲೆ, ಕೆಳಗೆ, ಆಚೆ," ಎಂದು ಜಪ ಮಾಡಿದ ಹಾಗೆ ಹೇಳುತ್ತಾ ಹೋದೆ. ಅವಳು ಹಾಗೆಯೇ ಮುಟ್ಟುತ್ತಾ ಬಂದಳು. ಕಿರಣ ಕೇಳಿದ್ದಕ್ಕೆ, ಇದು ನಮ್ಮ ಕೆಲಸದ ರೂಢಿ, ಬಾಯಿ ಆಡದಿದ್ದರೆ ಕೈ ಆಡುವುದಿಲ್ಲ ಎಂದೆ.

ಸಂಜೆ ಬಿರ್ಗಿಟ್ ಕುಣಿಯುವುದೊಂದು ಬಾಕಿ. ಎಷ್ಟೋ ಕಡೆಯ ಕೆಲಸಗಾರರನ್ನು ಕೂರಿಸಿದ್ದಾರಂತೆ, ಇಬ್ಬರ ಉತ್ತರ ಇಷ್ಟು ಹೊಂದಿದ್ದು ಕಂಡಿಲ್ಲವಂತೆ. ನಾನು ತಪ್ಪಿದಲ್ಲಿ ಮುತ್ತಕ್ಕನೂ ತಪ್ಪಿದ್ದಳು, ಅದೂ ಅದೇ ತಪ್ಪು! ಬಣ್ಣ ಬಣ್ಣದ ಗೆರೆ ಎಳೆದ ಕಾಗದ ತಂದು ಗೋಡೆಗೆ ಚುಚ್ಚಿದರು. ಕಿರಣ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡ. "ಅಪ್ಪಯ್ಯನಿಗೆ ಕಳಿಸ್ತೆ. ನಮ್ಮೋರ್ ಅಂದ್ರೆ ಹೀಂಗೆ ಕಾಣಿ," ಎಂದು ಹೆಮ್ಮೆಪಟ್ಟ. ನಾಳೆ ಖಾತ್ರಿಗೋಸ್ಕರ ಇನ್ನೊಮ್ಮೆ ಮಾಡೋಣ, ಈ ಸಲ ಬೇರೆ ಬೇರೆ ಕೋಣೆಯಲ್ಲಿ ಎಂದರು ಬಿರ್ಗಿಟ್.

ಬೇರೆ ಕೋಣೆಯಲ್ಲಿ ಕೂತರೆ ನನ್ನ ಜಪ ಅವಳಿಗೆ ಕೇಳುವುದಿಲ್ಲ.

ಬಂದರು

ಆ ಸಂಜೆ ಇಬ್ಬರೂ ಬಂದರಿನ ಕಡೆಗೆ ನಡೆದೆವು. ಬಿಸಿಲು ಇನ್ನೂ ಇತ್ತು. ಆ ಊರಿನಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಅವಸರವಿಲ್ಲ. ದೋಣಿಗಳು ಸಾಲಾಗಿ ನಿಂತಿದ್ದವು. ಬಲೆ ಇಲ್ಲ, ಕೂಗಾಟ ಇಲ್ಲ, ಕಾಗೆ ಇಲ್ಲ, ಮೀನಿನ ವಾಸನೆಯೂ ಇಲ್ಲ. ಮುತ್ತಕ್ಕ ಮೂಗು ಅರಳಿಸಿ ಅರಳಿಸಿ ಸೋತಳು.

"ಇದ್ ಬಂದ್ರೇ ಅಲ್ಲ ಮರಾಯ್ತಿ. ಮೀನ್ ಇಲ್ಲ್ ಬತ್ತಿಲ್ಯಾ?"

ಒಂದು ಅಂಗಡಿಯಲ್ಲಿ ಕಪ್ಪು ರೊಟ್ಟಿಯ ಮೇಲೆ ಮೀನಿಟ್ಟು ಮಾರುತ್ತಿದ್ದರು. ನೋಡಲು ನಮ್ಮ ಬೂತಾಯಿ ಮೀನಿನ ಅಣ್ಣನ ಹಾಗಿತ್ತು. ಆಸೆಯಿಂದ ಕಚ್ಚಿದರೆ ಹಸಿ, ಹುಳಿ, ಮೇಲೆ ಸಿಹಿ. ಮುತ್ತಕ್ಕ ಬಾಯಲ್ಲಿದ್ದದ್ದನ್ನು ಹೇಗೋ ನುಂಗಿ, "ಮೀನಿಗೆ ಸಕ್ರಿ ಹಾಕ್ತ್ರ್! ಇದ್ ಮಗಳ್ ಕೊಡೂ ಮನಿ ಅಲ್ಲ," ಎಂದು ತೀರ್ಪು ಕೊಟ್ಟಳು. ಉಳಿದದ್ದನ್ನು ಕಡಲ ಹಕ್ಕಿಗೆ ಹಾಕಿದೆವು. ಅದು ಮಾತ್ರ ಖುಷಿಯಿಂದ ತಿಂದಿತು.

ನಾಳೆಗೆ ಏನು ಮಾಡುವುದು ಎಂದು ನಾನು ಲೆಕ್ಕಾಚಾರ ಶುರು ಮಾಡಿದೆ. ಜ್ವರ ಬಂತೆನ್ನುವುದೋ, ಬಟ್ಟೆ ಕಟ್ಟಿಕೊಂಡು ಕಣ್ಣು ಬೇನೆ ಎನ್ನುವುದೋ. ಮುತ್ತಕ್ಕ ಕಡಲಿನ ಕಡೆ ಮುಖ ಮಾಡಿ ಕೂತಿದ್ದಳು.

"ಸುಶೀಲ, ನಾನ್ ಹೇಳಿಬಿಡ್ತೆ," ಎಂದಳು.

"ಬಾಯ್ ಮುಚ್ಕಂಡ್ ಕೂಕೊ. ನಾಳಿ ನಂಗೆ ಹೊಟ್ಟಿನೋವು. ನಂಗೆ ಹೊಟ್ಟಿನೋವು ಬಂದ್ರೆ ನಿನ್ನ ಒಬ್ಳನ್ನೇ ಕೂರ್ಸೂದಿಲ್ಲ."

ಅವಳು ಎದ್ದು ಸೆರಗು ಕೊಡವಿಕೊಂಡಳು. ಒಪ್ಪಿದಳು ಎಂದುಕೊಂಡೆ.

ಹೊಟ್ಟೆನೋವು

ಮರುದಿನ ನಾನು ಹೊಟ್ಟೆ ಹಿಡಿದುಕೊಂಡು ಮಲಗಿದೆ. ನಮ್ಮೂರಿನಲ್ಲಿ ಹೊಟ್ಟೆನೋವು ಎಂದರೆ ಓಮದ ಕಷಾಯ ಕೊಟ್ಟು ಮುಗಿಯುತ್ತದೆ. ಇಲ್ಲಿ ಬಿರ್ಗಿಟ್ ಬಂದು ಹಾಸಿಗೆ ಬದಿಯಲ್ಲಿ ಕೂತು, ನೋವು ಎಲ್ಲಿ, ಹೇಗೆ, ನಿನ್ನೆ ಏನು ತಿಂದೆ ಎಂದು ವಿಚಾರಣೆ ಮಾಡಿದರು. ಮೀನು ಎಂದೆ. ಅವರಿಗೆ ತುಂಬ ಬೇಸರವಾಯಿತು. ತಮ್ಮ ದೇಶದ ಮೀನಿನ ಪರವಾಗಿ ಕ್ಷಮೆ ಕೇಳಿ, ಯಾವುದೋ ಸೊಪ್ಪಿನ ಚಹಾ ಮಾಡಿ ಕುಡಿಸಿದರು. ಎಷ್ಟು ಕಹಿ ಎಂದರೆ ಸುಳ್ಳು ಹೊಟ್ಟೆನೋವು ನಿಜವಾಯಿತು. ಡಾಕ್ಟರನ್ನು ಕರೆಸುತ್ತೇನೆ ಎಂದಾಗ ಮಾತ್ರ ಚಂಗನೆ ಎದ್ದು ಕೂತೆ.

ಆ ಪರೀಕ್ಷೆ ತಪ್ಪಿತು. ದಿನ ಉಳಿದಿಲ್ಲ, ಅದನ್ನು ಬಿಟ್ಟು ಮುಂದಿನ ಕೆಲಸಕ್ಕೆ ಹೋಗೋಣ ಎಂದರು. ಗೆದ್ದೆ ಎಂದುಕೊಂಡೆ. ನಿಜವಾದ ಪರೀಕ್ಷೆ ಆ ಮುಂದಿನ ಕೆಲಸದಲ್ಲಿಯೇ ಕಾದಿತ್ತು.

ರಟ್ಟಿನ ಯಂತ್ರ

ಕಡೆಯ ದಿನ ನಮ್ಮನ್ನು ಒಂದು ದೊಡ್ಡ ಕೋಣೆಗೆ ಕರೆದರು. ನಡುವೆ, ಪಂದ್ಯದ ಆ ಮಾದರಿಯಲ್ಲ, ಬೇರೆಯೇ ಒಂದು ಯಂತ್ರ. ಹತ್ತಿರ ಹೋಗಿ ನೋಡಿದರೆ ಪೂರ್ತಿ ರಟ್ಟಿನ ಡಬ್ಬಿಗಳದ್ದು! ಅಂಟಿನ ಪಟ್ಟಿ ಸುತ್ತಿ, ಬಣ್ಣದ ಪೆನ್ನಿನಲ್ಲಿ ಗುಂಡಿಗಳನ್ನು ಬರೆದು, ಕ್ಯಾಮೆರಾ ಇರುವಲ್ಲಿ ಮೊಸರಿನ ಖಾಲಿ ಕಪ್ಪು ಅಂಟಿಸಿದ್ದರು. ಹಾಳೆಯಲ್ಲಿ ಬರೆದು ತೋರಿಸಿದರೆ ಕೆಲಸಗಾರರು ತಲೆ ಆಡಿಸಿ ಸುಮ್ಮನಾಗುತ್ತಾರೆ, ರಟ್ಟಿನದ್ದಾದರೆ ಧೈರ್ಯವಾಗಿ ಇದನ್ನು ಕಿತ್ತು ಬಿಸಾಡಿ ಎನ್ನುತ್ತಾರೆ ಎಂದು ಬಿರ್ಗಿಟ್ ವಿವರಿಸಿದರು. ಏಳು ಸಮುದ್ರ ದಾಟಿ ಅಂಗಡಿಯಾಟ ಆಡಲು ಬಂದೆವಲ್ಲ ಎಂದು ನನಗೆ ನಗು.

ಆ ಉದ್ದದ ಹೆಂಗಸು ಮೊಣಕಾಲು ಮಡಚಿ ಡಬ್ಬಿಯ ಒಳಗೆ ಹೋಗಿ ಕೂತರು. ತೂತಿನಿಂದ ಮುಖ ಹಾಕಿ, "ಈಗ ನಾನೇ ಯಂತ್ರ," ಎಂದರು. ನಾವು ಕಾರ್ಖಾನೆಯಲ್ಲಿ ಕೂರುವ ಹಾಗೆ ಪಕ್ಕದಲ್ಲಿ ಕೂತೆವು. ಪಂದ್ಯದ ಬೀಜ ಮುಗಿದಿತ್ತೋ ಏನೋ, ಆರಿಸಲು ಅಂಗಡಿಯಿಂದ ಬೀಜ ತಂದಿದ್ದರು. ಹುರಿದು ಉಪ್ಪು ಹಾಕಿದ್ದು.

"ಇದ್ ಎಲ್ಲಾ ಸುಟ್ಟದ್ದೇ," ಎಂದೆ. "ಆರ್ಸುಕೆ ಎಂತ ಇತ್ತ್ ಇದ್ರಂಗೆ?"

ಮುತ್ತಕ್ಕ ಒಂದನ್ನು ಬಾಯಿಗೆ ಹಾಕಿಕೊಂಡು, "ಲಾಯ್ಕ್ ಇತ್ತ್," ಎಂದಳು. ಯಂತ್ರ ಒಳಗಿನಿಂದ ಗಟ್ಟಿಯಾಗಿ ನಕ್ಕಿತು.

ಆಟ ಸಾಗಿತು. ಬೀಜ ಹಾಕಿದೆವು, ಯಂತ್ರ ತನಗೆ ಗೊತ್ತಾಗದ್ದನ್ನು ನಮ್ಮ ಕಡೆಗೆ ತಳ್ಳಿತು, ನಾವು ಆರಿಸಿದೆವು. ಆಮೇಲೆ ಇನ್ನೊಂದು ಸಣ್ಣ ತೂತಿನಿಂದ ಎರಡು ಚೀಟಿ ಹೊರಗೆ ಬಂದವು. ಒಂದರ ಮೇಲೆ ಬುಗುಟು ಇರುವ ಹಣೆಯ ಮುಖ, ಅದು ನಾನು. ಇನ್ನೊಂದು ಮುತ್ತಕ್ಕ. ಯಾರು ಎಷ್ಟು ಆರಿಸಿದರು, ಎಷ್ಟು ತಪ್ಪು ಮಾಡಿದರು ಎಂದು ದಿನದ ಕಡೆಗೆ ಯಂತ್ರ ಹೀಗೆ ಹೇಳಬಲ್ಲದು, ಬೇಕೇ ಎಂದು ಕೇಳಿದರು.

ಕಿರಣನ ಮುಖ ಅರಳಿತು. "ಇದ್ ಬೇಕೇ ಬೇಕ್. ಯಾರ್ ಎಷ್ಟ್ ಮಾಡ್ರ್ ಅಂದೇಳಿ ಗೊತ್ತಾಯ್ಕಲ್ದಾ?"

"ಬ್ಯಾಡ," ಎಂದೆ. "ಮೇಜಿನ ಲೆಕ್ಕ ಇರ್ಲಿ. ಒಬ್ಬೊಬ್ರ ಹೆಸ್ರ್ ಬ್ಯಾಡ."

"ಎಂತಕ್ಕೆ?"

"ಎಂತಕ್ಕೂ ಇಲ್ಲ. ಬ್ಯಾಡ ಅಂದ್ರೆ ಬ್ಯಾಡ."

ಬಿರ್ಗಿಟ್ ಡಬ್ಬಿಯಿಂದ ಹೊರಗೆ ಬಂದರು. ಕೆಲಸಗಾರರಿಗೆ ಬೇಡವಾದದ್ದನ್ನು ಯಂತ್ರಕ್ಕೆ ಹಾಕಬಾರದು ಎಂಬುದೇ ತಮ್ಮ ಆಸೆ, ಆದರೆ ಕಾರಣ ತಿಳಿಯದಿದ್ದರೆ ಕೊಳ್ಳುವವರನ್ನು ಒಪ್ಪಿಸಲು ತಮಗೂ ಆಗುವುದಿಲ್ಲ ಎಂದರು. ಕಿರಣ ಅದನ್ನು ಕನ್ನಡಕ್ಕೆ ಹೇಳಿ, ತನ್ನದನ್ನೂ ಸೇರಿಸಿದ. "ಒಂದೇ ಒಂದ್ ಕಾರ್ಣ ಹೇಳಿ ಕಾಂಬ ಸುಶೀಲಕ್ಕ. ಸರಿ ಕಂಡ್ರೆ ಅಪ್ಪಯ್ಯನ ಹತ್ರ ನಾನೇ ಮಾತಾಡ್ತೆ."

ನ್ಯಾಯವಾದ ಮಾತು. ಇದ್ದ ಒಂದೇ ಕಾರಣ ನನ್ನ ಬಲಗಡೆ ಕೂತು ಉಪ್ಪುಬೀಜ ತಿನ್ನುತ್ತಿತ್ತು. ಅದನ್ನು ಹೇಳಿದರೆ ಅವಳ ಜಾಗ ಹೋಗುತ್ತದೆ, ಹೇಳದಿದ್ದರೆ ಹೆಸರಿನ ಲೆಕ್ಕ ಬಂದು ಆಗಲೂ ಹೋಗುತ್ತದೆ.

ಮುತ್ತಕ್ಕ ಕೈಯಲ್ಲಿದ್ದ ಬೀಜವನ್ನು ಮೇಜಿನ ಮೇಲಿಟ್ಟಳು.

"ಕಾರ್ಣ ನಾನೇ ಧಣಿ. ನಂಗೆ ಕಣ್ ಕಾಂತಿಲ್ಲ. ಎರಡ್ ವರ್ಷ ಆಯ್ತ್. ನನ್ ಬೀಜ ಸುಶೀಲ ಆರ್ಸತ್ತ್. ಮೊನ್ನೆ ಆ ಪರದಿ ಒತ್ತದ್ದೂ ಅದ್ ಹೇಳ್ಕೊಟ್ಟದ್ದೇ." ನಾನು ಅವಳ ತೊಡೆ ಚಿವುಟಿದೆ. ಅವಳು ನನ್ನ ಕೈಯನ್ನು ಹಿಡಿದು ಬದಿಗಿಟ್ಟಳು. "ನನ್ ಮೊದ್ಲ್ ಆ ಜಾಗದಂಗೆ ನಾಗಮ್ಮ ಇದ್ದಿತ್ತ್. ಅದ್ರ ಕೈ ನಡುಗ್ತಿತ್ತ್, ಅದಕ್ಕೆ ನಾನ್ ಮಾಡ್ಕೊಟ್ಟಿದ್ದೆ. ನಮ್ ಮೇಜಂಗೆ ಹಾಂಗೇ. ಹೆಸ್ರ್ ಬರೂ ಮಿಷಿನ್ ಬಂದ್ರೆ ನಾಳಿ ಸುಶೀಲಂಗೆ ಯಾರ್ ಮಾಡ್ಕೊಡ್ತ್ರ್? ನನ್ನ ಬೇಕಾರೆ ತೆಗಿನಿ. ಮಿಷಿನಿಗೆ ಹೆಸ್ರ್ ಮಾತ್ರ ಕಲ್ಸ್‌ಬ್ಯಾಡಿ."

ಅಷ್ಟು ದಿನ ಸ್ಟೂಲು, ಫ್ಯಾನು, ಎಲ್ಲವನ್ನೂ ಬಿಡದೆ ಇಂಗ್ಲಿಷಿಗೆ ಹಾಕಿದ ಹುಡುಗ ಇದನ್ನು ಹಾಕಲಿಲ್ಲ. ಬಿರ್ಗಿಟ್ ಒಬ್ಬೊಬ್ಬರ ಮುಖ ನೋಡುತ್ತಾ ಕಾದರು. ಅವಸರ ಮಾಡಲಿಲ್ಲ.

"ಡಾಕ್ಟ್ರಿಗೆ ತೋರ್ಸ್ಲಿಲ್ಯಾ?" ಎಂದು ಕಿರಣ ಕೇಳಿದ.

"ತೋರ್ಸ್ರೆ ನಿಮ್ಗ್ ಗೊತ್ತಾತ್ತಲ್ದಾ?"

ಕುಂದಾಪುರದ ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತರೆ ಆ ಸುದ್ದಿ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಕಾರ್ಖಾನೆಗೆ ಬರುತ್ತದೆ. ಅದು ನಮ್ಮೆಲ್ಲರಿಗೂ ಗೊತ್ತು. ಕಿರಣ ತಲೆ ಕೆಳಗೆ ಹಾಕಿದ. ಆಮೇಲೆ ನಿಧಾನವಾಗಿ, ಮಧ್ಯೆ ಮಧ್ಯೆ ನಿಲ್ಲಿಸುತ್ತಾ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ನಾಗಮ್ಮನ ಹೆಸರೂ ಅದರಲ್ಲಿ ಕೇಳಿಸಿತು.

ಬಿರ್ಗಿಟ್ ಬೈಯುತ್ತಾರೆ ಎಂದು ನಾನು ಕಾದೆ. ಅವರು ಆಚೆ ಕೋಣೆಗೆ ಹೋಗಿ, ಮೊನ್ನೆ ಗೋಡೆಗೆ ಚುಚ್ಚಿದ್ದ ಬಣ್ಣದ ಕಾಗದವನ್ನು ತೆಗೆದು ತಂದರು. ಪಕ್ಕ ಪಕ್ಕ ಕೂರಿಸಿದ್ದು ನಾನೇ, ನನಗೆ ಹೊಳೆಯಬೇಕಿತ್ತು ಎಂದು ತಮ್ಮನ್ನೇ ಬೈದುಕೊಂಡರು. ರಟ್ಟಿನ ಮೇಲೆ ಮುಖ ಬರೆದ ಚೀಟಿ ಹೊರಗೆ ಬರುವ ತೂತಿತ್ತಲ್ಲ, ಅದಕ್ಕೆ ಅಂಟಿನ ಪಟ್ಟಿ ಹಚ್ಚಿ ಮುಚ್ಚಿದರು. ಇನ್ನು ಮೇಜಿನ ಲೆಕ್ಕ ಮಾತ್ರ ಎಂದು ಬದಿಯಲ್ಲಿ ಒಂದು ಮೇಜಿನ ಚಿತ್ರ ಬರೆದರು. ಮುತ್ತಕ್ಕ ಹತ್ತಿರ ಹೋಗಿ ಕೈಯಿಂದ ಮುಟ್ಟಿ ನೋಡಿದಳು.

"ಇದನ್ನ ಅಪ್ಪಯ್ಯನ ಹತ್ರ ಮುಚ್ಚಿಡುಕಾತ್ತಿಲ್ಲ ಮುತ್ತಕ್ಕ," ಎಂದ ಕಿರಣ.

"ಮುಚ್ಚಿಡಿ ಅಂದೇಳಿ ನಾನ್ ಹೇಳ್ಲೂ ಇಲ್ಲ," ಎಂದಳು.

ವಾಪಸು ದಾರಿ

ವಿಮಾನದಲ್ಲಿ ಅವಳೊಡನೆ ಜಗಳವಾಡಿದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಮಾತಿನಲ್ಲಿ ಕೆಡಿಸಿದೆ, ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದೆ. ಮುಂದಿನ ಸೀಟಿನಲ್ಲಿ ಕಿರಣ ಇದ್ದ. ಕೇಳಿದರೆ ಕೇಳಲಿ ಎನ್ನುವಷ್ಟು ಸಿಟ್ಟು ನನಗೆ.

"ನೀನ್ ಕೇಳಿದ್ಯಾ ನನ್ನ?" ಎಂದಳು. "ಹೊಟ್ಟಿನೋವು ಅಂದೇಳಿ ಮಲ್ಗಿದೆ. ಕೇಳಿದ್ಯಾ?"

ನಾನು ಸೀಟಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿಕೊಂಡೆ.

"ನೀನ್ ಮಾಡ್ಕೊಟ್ಟದ್ದ್ ಹೆಚ್ಚೇ. ಅದ್ ಇಪ್ಪುದಕ್ಕೇ ನಾನ್ ಡಾಕ್ಟ್ರ ಹತ್ರ ಹೋಯ್ಲಿಲ್ಲ. ದಿನಾ ಬೆಳಿಗ್ಗೆ ಇವತ್ತ್ ಗೊತ್ತಾತ್ತಾ, ಇವತ್ತ್ ಗೊತ್ತಾತ್ತಾ ಅಂದೇಳಿ ಹೆದ್ರಿ ನಂಗ್ ಸಾಕಾಯ್ತ್ ಹೆಣೆ."

ಸಿಟ್ಟಿನಲ್ಲೂ ಗೆಳತಿಯನ್ನು ಕರೆಯುವ ಹಾಗೆ 'ಹೆಣೆ' ಎಂದೇ ಕರೆದು, ಸೆರಗು ಹೊದ್ದುಕೊಂಡು ನಿದ್ದೆ ಹೋದಳು. ಆ ಪ್ರವಾಸದಲ್ಲಿ ಅವಳು ಗಾಢವಾಗಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಆಗಲೇ. ಅವಳ ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ದುಃಖವೊಂದೇ ಉಳಿಯಿತು.

ಮತ್ತೆ ಬೈಂದೂರು

ಯಂತ್ರದ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಅದು ಮುಂದಿನ ಮಳೆಗಾಲ ಕಳೆದ ಮೇಲೆ ಬಂತು. ಒಳ್ಳೆಯ ಕೆಲಸಗಾರ, ಆದರೆ ಗಲಾಟೆ ಜಾಸ್ತಿ. ಅದು ಮೇಜಿನ ಲೆಕ್ಕ ಮಾತ್ರ ಹೇಳುತ್ತದೆ. ಹೆಸರು ಬರೆಯುವ ತೂತು ಅದಕ್ಕಿಲ್ಲ. ದೊಡ್ಡ ಧಣಿಗಳು ಒಮ್ಮೊಮ್ಮೆ ಅದರ ಮುಂದೆ ನಿಂತು ಗೊಣಗುತ್ತಾರೆ, ಕಿರಣ ಏನೋ ಹೇಳಿ ಕರೆದುಕೊಂಡು ಹೋಗುತ್ತಾನೆ. ನಮಗೆ ಬೆನ್ನಿರುವ ಕುರ್ಚಿಯೂ ಬಂದಿದೆ. ಫ್ಯಾನು ಇನ್ನೂ ಹಾಕುವುದಿಲ್ಲ.

ಮುತ್ತಕ್ಕನ ಮಟ್ಟಿಗೆ, ನಾವು ಊರಿಗೆ ಬಂದ ವಾರದಲ್ಲೇ ದೊಡ್ಡ ಧಣಿಗಳು ಕರೆದರು. ಕಣ್ಣು ಕಾಣದವಳನ್ನು ಆರಿಸಲು ಕೂರಿಸುವ ಹಾಗಿಲ್ಲ, ಒಡೆಯುವ ಕಡೆ ಹೋಗಲಿ ಎಂದರು. ಕಣ್ಣು ಕಾಣದೆ ಅಲ್ಲಿ ಕೈ ಸುಟ್ಟುಕೊಳ್ಳುತ್ತಾಳೆ ಎಂದು ಕಿರಣ ಅಪ್ಪನೆದುರು ನಿಂತು ವಾದ ಮಾಡಿದನಂತೆ. ಕಡೆಗೆ, ಸದ್ಯ ಮನೆಯಲ್ಲಿರಲಿ, ಡಾಕ್ಟರು ಸರಿ ಎಂದರೆ ಅವಳ ಜಾಗ ಅವಳಿಗೆ ಎಂದಾಯಿತು. ಮನೆಗೆ ಕಳಿಸುವವರೆಲ್ಲ ಹೇಳುವ ಮಾತೇ ಇದು ಎಂದುಕೊಂಡು ನಾನು ನಂಬಲಿಲ್ಲ. ನಾವು ಉಳಿದ ಮೂವರು ಅವಳ ಜಾಗಕ್ಕೂ ತಟ್ಟೆ ಚಾಚಿಕೊಂಡು ಕೂತೆವು. ಹೊಸಬರು ಬಂದರೆ ಕೂರಲು ತೆರಪೇ ಕಾಣಬಾರದು.

ಕುಂದಾಪುರದ ಆಸ್ಪತ್ರೆಗೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತೆವು. ಕಾರ್ಖಾನೆಯ ಹತ್ತಿರದ ಹೆಂಗಸೊಬ್ಬಳು ಕಂಡು, "ಹ್ವಾಯ್ ಮುತ್ತಕ್ಕ, ಕಣ್ಣಿಗೆ ಎಂತ ಆಯ್ತ್?" ಎಂದು ಕೂಗಿದಳು. "ಕಾಂತಿಲ್ಲ ಮರಾಯ್ತಿ," ಎಂದು ಇವಳೂ ಅಷ್ಟೇ ಗಟ್ಟಿಯಾಗಿ ಕೂಗಿದಳು. ಡಾಕ್ಟರು ಬೆಳಕು ಬಿಟ್ಟು ನೋಡಿ, ಪೊರೆ ಬಂದಿದೆ, ಇಷ್ಟು ಬಲಿಯುವವರೆಗೆ ಎಲ್ಲಿ ಹೋಗಿದ್ದೆ ಎಂದು ಗದರಿಸಿದರು. "ಕೆಲ್ಸದಂಗಿದ್ದೆ," ಎಂದಳು ಮುತ್ತಕ್ಕ.

ಮೊದಲು ಒಂದು ಕಣ್ಣಿಗೆ ಆಪರೇಷನ್, ಅದು ವಾಸಿಯಾದ ಮೇಲೆ ಇನ್ನೊಂದಕ್ಕೆ. ಅಷ್ಟು ಸಮಯವೂ ನಾನು ದಿನಾ ಬಲಗಡೆಗೆ ತಿರುಗಿ ಮಾತಾಡಲು ಹೋಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಕಡೆಗೊಂದು ಬೆಳಿಗ್ಗೆ ಕಿರಣನೇ ಅವಳನ್ನು ನಮ್ಮ ವಿಭಾಗದ ಬಾಗಿಲವರೆಗೆ ಕರೆದುಕೊಂಡು ಬಂದ. ಕೈ ಚಾಚದೆ, ಏನನ್ನೂ ತಡವದೆ ನಡೆದು ಬಂದಳು. ನಾವು ಮೂವರೂ ನಮ್ಮ ನಮ್ಮ ತಟ್ಟೆ ಹಿಂದಕ್ಕೆ ಎಳೆದುಕೊಂಡೆವು. ಜಾಗ ತೆರೆದುಕೊಂಡಿತು, ಅವಳು ಕೂತಳು.

ಅವಳು ನನ್ನ ಮುಖ ನೋಡಲಿಲ್ಲ. ನಾನು ಆರಿಸಿ ಮುಗಿಸಿದ್ದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಬಗ್ಗಿ ನೋಡಿದಳು. ಬಿಳಿಯದರ ರಾಶಿಯಿಂದ ಒಂದು ಬೀಜ ಎತ್ತಿ ಸುಟ್ಟದ್ದರ ಕಡೆ ಹಾಕಿದಳು. ಇನ್ನೊಂದು ಎತ್ತಿದಳು. ಮತ್ತೂ ಒಂದು. ಆಮೇಲೆ ತಲೆ ಎತ್ತಿ, ಇಡೀ ಮೇಜಿಗೆ ಕೇಳುವ ಹಾಗೆ ಕೇಳಿದಳು:

"ಹೆಣೆ ಸುಶೀಲ, ಎರಡ್ ವರ್ಷ ನನ್ನ ಹೆಸ್ರಂಗೆ ಇದನ್ನಾ ನೀ ಕೊಟ್ಟದ್ದ್?"